ಹೆರಿಗೆಯ ಊರು

ಹೃದಯವು ಎಷ್ಟೇ ವಿಕೃತವಾಗಿ ರೂಪುಗೊಂಡಿದ್ದರೂ ತಾಯಿಯ ಗರ್ಭದಲ್ಲಿರುವಷ್ಟು ಕಾಲ ಶಿಶುವಿಗೆ ಅದರಿಂದ ಬಹುಮಟ್ಟಿಗೆ ಯಾವ ಬಾಧೆಯೂ ತಟ್ಟುವುದಿಲ್ಲವೆಂಬ ಸಂಗತಿಯನ್ನು ಗ್ರಹಿಸಿದ ಹೊರತು, ಪುಣೆಯಂಥ ನಗರಗಳಲ್ಲಿ ಇಂದು ನವಜಾತ ಶಿಶುಗಳ ಹೃದಯದ ಮೇಲೆ ನಡೆಯುತ್ತಿರುವ ಶಸ್ತ್ರಚಿಕಿತ್ಸೆಯ ಮರ್ಮವು ಸಾಮಾನ್ಯ ಓದುಗನಿಗೆ ತಿಳಿಯಲಾರದು. ಗರ್ಭದಲ್ಲಿ ಉಸಿರಾಟವಿಲ್ಲ. ಶ್ವಾಸಕೋಶಗಳು ದ್ರವದಿಂದ ತುಂಬಿಕೊಂಡು ಮುಂಬರುವ ದಿನಕ್ಕಾಗಿ ಕಾದಿರುತ್ತವೆ. ಶಿಶುವಿಗೆ ಬೇಕಾದ ಆಮ್ಲಜನಕವು ತಾಯಿಯ ರಕ್ತದಿಂದ ಜರಾಯುವಿಗೆ, ಎಂದರೆ ನಮ್ಮ ಹೆಂಗಸರು ಮಾಸು ಎಂದು ಕರೆಯುವ ಅಂಗಕ್ಕೆ ಬಂದು, ಅಲ್ಲಿಂದ ಹೊಕ್ಕುಳುಬಳ್ಳಿಯಲ್ಲಿ ಹರಿದು ಬರುತ್ತದೆ. ಶ್ವಾಸಕೋಶಗಳಿಗೆ ಹೆಚ್ಚು ರಕ್ತ ಹೋಗಬೇಕಾದ ಅವಶ್ಯಕತೆ ಅಲ್ಲಿ ಇಲ್ಲದ ಕಾರಣ ಪ್ರಕೃತಿಯು ಆ ಹೃದಯಕ್ಕೆ ಎರಡು ಒಳದಾರಿಗಳನ್ನು ಇಟ್ಟಿದೆ: ಮೇಲಿನ ಎರಡು ಕೋಣೆಗಳಾದ ಹೃತ್ಕರ್ಣಗಳ ನಡುಗೋಡೆಯಲ್ಲಿ ಒಂದು ಕಿಂಡಿ; ಶ್ವಾಸಕೋಶಕ್ಕೆ ಹೋಗುವ ಧಮನಿಗೂ ಶರೀರಕ್ಕೆ ಹೋಗುವ ಮಹಾಧಮನಿಗೂ ನಡುವೆ ಒಂದು ಸಣ್ಣ ನಾಳ. ಒಂದು ಕವಾಟವು ಮುಚ್ಚಿಯೇ ಹೋಗಿದ್ದರೂ, ಧಮನಿಗಳು ಅದಲುಬದಲಾಗಿದ್ದರೂ, ಅರ್ಧ ಹೃದಯವೇ ಬೆಳೆಯದೆ ಉಳಿದಿದ್ದರೂ, ರಕ್ತವು ಈ ಒಳದಾರಿಗಳಲ್ಲಿ ಒಂದನ್ನು ಹಿಡಿದು ತನ್ನ ಗತಿಯನ್ನು ಕಂಡುಕೊಳ್ಳುತ್ತದೆ. ಶಿಶುವಿನ ತೂಕ ಏರುತ್ತದೆ, ಅದು ಕೈಕಾಲು ಆಡಿಸುತ್ತದೆ, ತಾಯಿಗೆ ಯಾವ ಶಂಕೆಯೂ ಬರುವುದಿಲ್ಲ.

ವಿಪತ್ತು ತೊಡಗುವುದು ಜನನದೊಡನೆ. ಮೊದಲ ಅಳುವಿನಲ್ಲಿ ಶ್ವಾಸಕೋಶಗಳು ಗಾಳಿಯನ್ನು ತುಂಬಿಕೊಳ್ಳುತ್ತವೆ, ಹೊಕ್ಕುಳುಬಳ್ಳಿಯನ್ನು ಕತ್ತರಿಸುತ್ತಾರೆ, ನಡುಗೋಡೆಯ ಕಿಂಡಿಗೆ ಅದರ ಪೊರೆ ಬಂದು ಅಡ್ಡ ಕೂರುತ್ತದೆ, ಆ ಸಣ್ಣ ನಾಳವು ಎರಡು ಮೂರು ದಿನಗಳೊಳಗಾಗಿ ಸಂಕೋಚಗೊಂಡು ನಿಂತುಹೋಗುತ್ತದೆ. ಆರೋಗ್ಯವಂತ ಶಿಶುವಿನಲ್ಲಿ ಇದೆಲ್ಲವೂ ಆಗಲೇಬೇಕಾದ ಮಾರ್ಪಾಡು. ಆದರೆ ಯಾವ ಶಿಶುವಿನ ಪ್ರಾಣವು ಈ ಒಳದಾರಿಗಳನ್ನೇ ನಂಬಿಕೊಂಡಿತ್ತೋ ಅದಕ್ಕೆ ಅವು ಮುಚ್ಚತೊಡಗಿದ ಗಳಿಗೆಯೇ ಮೃತ್ಯುವಿನ ಗಳಿಗೆ. ಅಮೆರಿಕೆಯ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿದ್ದ ಹೆಲೆನ್ ಟಾಸಿಗ್ ಎಂಬ ವೈದ್ಯೆ, ನೀಲಿಗಟ್ಟಿದ ಮಕ್ಕಳನ್ನು ಸಹನೆಯಿಂದ ಪರೀಕ್ಷಿಸುತ್ತ, ಈ ನಾಳವು ತೆರೆದಿರುವವರೆಗೆ ಚೆನ್ನಾಗಿದ್ದು ಅದು ಮುಚ್ಚಿದ ಮೇಲೆ ನೀಲಿಯಾಗುವ ಶಿಶುಗಳನ್ನು ಗುರುತಿಸಿದಳು. ಹಾಗಾದರೆ ಅಂಥದೊಂದು ನಾಳವನ್ನು ಕೈಯಿಂದಲೇ ಕಟ್ಟಿಕೊಡಬಾರದೇಕೆ ಎಂದು ಆಲ್ಫ್ರೆಡ್ ಬ್ಲೇಲಾಕ್ ಎಂಬ ಶಸ್ತ್ರವೈದ್ಯನನ್ನು ಕೇಳಿದಳು. ೧೯೪೪ರ ನವೆಂಬರ್ ೨೯ರಂದು ಹದಿನೈದು ತಿಂಗಳಿನ ಒಂದು ಹೆಣ್ಣುಮಗುವಿಗೆ ಆ ಶಸ್ತ್ರಚಿಕಿತ್ಸೆ ನಡೆಯಿತು. ಅದರ ವಿಧಾನವನ್ನು ನಾಯಿಗಳ ಮೇಲೆ ಮಾಡಿ ಮಾಡಿ ಸಿದ್ಧಪಡಿಸಿದ್ದ, ವೈದ್ಯಪದವಿಯಿಲ್ಲದ ಕರಿಯ ಸಹಾಯಕ ವಿವಿಯನ್ ಥಾಮಸ್ ಬ್ಲೇಲಾಕನ ಬೆನ್ನ ಹಿಂದೆ ನಿಂತು ಹೆಜ್ಜೆ ಹೆಜ್ಜೆಗೂ ದಾರಿ ಹೇಳಿಕೊಟ್ಟನು. ಹುಟ್ಟು ಹೃದಯದೋಷಗಳ ಚಿಕಿತ್ಸೆಯ ಚರಿತ್ರೆಯಲ್ಲಿ ಈ ಮೂವರ ಹೆಸರನ್ನೂ ಒಟ್ಟಿಗೇ ಹೇಳತಕ್ಕದ್ದು ನ್ಯಾಯ. ಥಾಮಸನ ಹೆಸರನ್ನು ಜಗತ್ತು ಬಹುಕಾಲ ಹೇಳದೆ ಬಿಟ್ಟಿತೆಂಬುದು ಖೇದದ ಸಂಗತಿ.

ಸಾವಿರ ಜೀವಂತ ಜನನಗಳಲ್ಲಿ ಎಂಟೋ ಒಂಬತ್ತೋ ಶಿಶುಗಳು ಹೃದಯದ ಯಾವುದಾದರೊಂದು ದೋಷದಿಂದ ಹುಟ್ಟುತ್ತವೆ. ಭಾರತದಲ್ಲಿ ಅಂಥವರ ಸಂಖ್ಯೆ ವರ್ಷಕ್ಕೆ ಎರಡು ಲಕ್ಷಕ್ಕೂ ಮಿಕ್ಕುವುದೆಂದೂ ಅವರಲ್ಲಿ ಸುಮಾರು ಐದನೆಯ ಒಂದು ಪಾಲಿಗೆ ಮೊದಲ ವರ್ಷದೊಳಗೇ ಚಿಕಿತ್ಸೆ ಅಗತ್ಯವೆಂದೂ ತಜ್ಞರ ಅಂದಾಜು. ಅನೇಕ ದೋಷಗಳು ಸಣ್ಣವು. ನಡುಗೋಡೆಯ ಸಣ್ಣ ರಂಧ್ರಗಳು ಎಷ್ಟೋ ಬಾರಿ ತಾವಾಗಿಯೇ ಮುಚ್ಚಿಹೋಗುತ್ತವೆ. ಇಲ್ಲಿ ನಾನು ವಿಚಾರಿಸಬೇಕೆಂದಿರುವುದು ಹುಟ್ಟಿದ ದಿನಗಳಲ್ಲಿಯೇ ಕೈಹಾಕಬೇಕಾದ ದೋಷಗಳನ್ನು ಕುರಿತು. ಅವುಗಳಲ್ಲಿಯೂ ಒಂದನ್ನು, ಮಹಾಧಮನಿಗಳ ಸ್ಥಾನಪಲ್ಲಟವೆಂಬುದನ್ನು, ವಿವರವಾಗಿ ನೋಡಿದರೆ ಉಳಿದವುಗಳ ಸ್ವರೂಪವೂ ಹೊಳೆಯುವುದು.

ಸಹಜವಾದ ಹೃದಯದಲ್ಲಿ ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶದ ಧಮನಿಯೂ ಎಡ ಹೃತ್ಕುಕ್ಷಿಯಿಂದ ಮಹಾಧಮನಿಯೂ ಹೊರಡುತ್ತವೆ. ಹೊರಟ ಸ್ವಲ್ಪದರಲ್ಲಿಯೇ ಒಂದರ ಮೇಲೊಂದು ಅಡ್ಡಹಾಯ್ದು ತಮ್ಮ ತಮ್ಮ ದಿಕ್ಕು ಹಿಡಿಯುತ್ತವೆ. ಸ್ಥಾನಪಲ್ಲಟವಾದಲ್ಲಿ ಮಹಾಧಮನಿಯು ಬಲಗಡೆಯಿಂದಲೂ ಶ್ವಾಸಕೋಶದ ಧಮನಿಯು ಎಡಗಡೆಯಿಂದಲೂ ಹುಟ್ಟಿ ಸಮಾನಾಂತರವಾಗಿ ಮೇಲೇರುತ್ತವೆ. ಇದರ ಪರಿಣಾಮವಾಗಿ ಶರೀರದಿಂದ ಬಂದ ಮಲಿನ ರಕ್ತವು ಶರೀರಕ್ಕೇ ಹಿಂದಿರುಗುತ್ತದೆ, ಶ್ವಾಸಕೋಶದಲ್ಲಿ ಶುದ್ಧವಾದ ರಕ್ತವು ಶ್ವಾಸಕೋಶಕ್ಕೇ ಮರಳುತ್ತದೆ. ನಡುಗೋಡೆಯ ಕಿಂಡಿಯೂ ಆ ಸಣ್ಣ ನಾಳವೂ ತೆರೆದಿರುವಷ್ಟು ಕಾಲ ಎರಡು ಪ್ರವಾಹಗಳೂ ಅಷ್ಟಿಷ್ಟು ಬೆರೆತು ಶಿಶು ಬದುಕಿರುತ್ತದೆ. ಚಿಕಿತ್ಸೆಯಿಲ್ಲದೆ ಹೋದರೆ ಅಂಥ ಮಕ್ಕಳಲ್ಲಿ ಅರ್ಧದಷ್ಟು ಒಂದು ತಿಂಗಳನ್ನು ದಾಟುವುದಿಲ್ಲ, ನೂರರಲ್ಲಿ ತೊಂಬತ್ತು ಒಂದು ವರ್ಷವನ್ನು ಕಾಣುವುದಿಲ್ಲ. ಅದೇ ಶಿಶುವಿಗೆ ನುರಿತ ಕೇಂದ್ರದಲ್ಲಿ ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಾದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಉಳಿದು, ಬೆಳೆದು, ಶಾಲೆಗೆ ಹೋಗುತ್ತಾರೆ. ಇಷ್ಟು ದೊಡ್ಡ ಅಂತರವು ಒಂದೆರಡು ವಾರಗಳ ಕಾಲದ ಮೇಲೆ ನಿಂತಿದೆ.

ಆ ಕಾಲವನ್ನು ಹುಟ್ಟುವ ಮೊದಲೇ ಸಂಪಾದಿಸಿಕೊಡುವುದು, ಬಸಿರಿನ ೧೮ನೆಯ ವಾರದಿಂದ ೨೨ನೆಯ ವಾರದ ನಡುವೆ ಮಾಡತಕ್ಕ ಸೋನೋಗ್ರಫಿ. ಪುಣೆಯ ಸೋನೋಗ್ರಫಿಯ ಕೋಣೆಯನ್ನು ಹೊಗುವ ಮುನ್ನ ಗರ್ಭಸ್ಥ ಶಿಶುವಿನ ಲಿಂಗವನ್ನು ಇಲ್ಲಿ ತಿಳಿಸಲಾಗುವುದಿಲ್ಲವೆಂಬ ಮರಾಠಿ ಫಲಕ ಕಣ್ಣಿಗೆ ಬೀಳುತ್ತದೆ. ಒಳಗೆ ಗರ್ಭಿಣಿಯು ಒಂದು ನಮೂನೆಗೆ ಸಹಿ ಮಾಡಿ, ಮಂಚದ ಮೇಲೆ ಅಂಗಾತ ಮಲಗುತ್ತಾಳೆ. ತಣ್ಣನೆಯ ಜೆಲ್ ಹಚ್ಚಿದ ಹೊಟ್ಟೆಯ ಮೇಲೆ ವೈದ್ಯೆಯು ಪ್ರೋಬನ್ನು ಸರಿಸುತ್ತ ಸರಿಸುತ್ತ ಶಿಶುವಿನ ಎದೆಗೂಡನ್ನು ಅಡ್ಡಲಾಗಿ ಕಾಣುವಂತೆ ಹಿಡಿದು ನಿಲ್ಲುತ್ತಾಳೆ. ಬೂದುಬಣ್ಣದ ತೆರೆಯ ಮೇಲೆ, ಎದೆಯ ಮೂರನೆಯ ಒಂದು ಭಾಗವನ್ನು ಆಕ್ರಮಿಸಿಕೊಂಡು, ಎಡಕ್ಕೆ ಓರೆಯಾಗಿ ಮಲಗಿದ ಹೃದಯವು ನಿಮಿಷಕ್ಕೆ ೧೨೦ರಿಂದ ೧೬೦ ಬಾರಿ ಮಿಡಿಯುತ್ತಿರುವುದು ಕಾಣುತ್ತದೆ. ನಾಲ್ಕು ಕೋಣೆಗಳೂ ಇವೆಯೇ, ಎಡಬಲಗಳ ಗಾತ್ರ ಸಮನಾಗಿದೆಯೇ, ಕವಾಟಗಳು ತೆರೆದು ಮುಚ್ಚುತ್ತಿವೆಯೇ ಎಂದು ಆಕೆ ನೋಡುತ್ತಾಳೆ. ಬಣ್ಣದ ಡಾಪ್ಲರ್ ಹಾಕಿದಾಗ ಕೆಂಪು ನೀಲಿಗಳು ಚಿಮ್ಮುತ್ತವೆ. ನೀಲಿಯನ್ನು ಕಂಡು ಹೆದರುವ ತಂದೆಗೆ, ಕೆಂಪು ಪ್ರೋಬಿನತ್ತ ಬರುತ್ತಿರುವ ಪ್ರವಾಹವೆಂದೂ ನೀಲಿ ಅದರಿಂದ ದೂರ ಸರಿಯುತ್ತಿರುವ ಪ್ರವಾಹವೆಂದೂ, ರಕ್ತದ ಶುದ್ಧಾಶುದ್ಧತೆಗೂ ಆ ಬಣ್ಣಗಳಿಗೂ ಸಂಬಂಧವಿಲ್ಲವೆಂದೂ ತಿಳಿಸಿ ಹೇಳಬೇಕಾಗುತ್ತದೆ.

ಈ ಪರೀಕ್ಷೆಯಲ್ಲಿ ಒಂದು ಸೂಕ್ಷ್ಮವುಂಟು. ಗರ್ಭಿಣಿಯ ಮನೆಯವರೂ ಅದನ್ನು ತಿಳಿದಿದ್ದರೆ ಒಳ್ಳೆಯದೆಂದು ನಾನು ಭಾವಿಸುತ್ತೇನೆ. ಸ್ಥಾನಪಲ್ಲಟವಾದ ಹೃದಯದಲ್ಲಿ ನಾಲ್ಕು ಕೋಣೆಗಳೂ ನಿರ್ದುಷ್ಟವಾಗಿಯೇ ಕಾಣುತ್ತವೆ. ಕೋಣೆಗಳನ್ನು ನೋಡಿ, ಹೃದಯವು ಸರಿಯಾಗಿದೆಯೆಂದು ಬರೆದುಕೊಟ್ಟುಬಿಟ್ಟರೆ ಆ ದೋಷವು ಕೈತಪ್ಪಿಹೋಗುತ್ತದೆ. ಪ್ರೋಬನ್ನು ಇನ್ನಷ್ಟು ತಲೆಯತ್ತ ವಾಲಿಸಿ, ಹೃದಯದಿಂದ ಹೊರಡುವ ಎರಡು ಧಮನಿಗಳು ಅಡ್ಡಹಾಯುತ್ತಿವೆಯೋ ಜೊತೆಜೊತೆಗೆ ನೇರವಾಗಿ ಏರುತ್ತಿವೆಯೋ ಎಂಬುದನ್ನು ನೋಡಿದಾಗಲೇ ಸತ್ಯವು ಹೊರಬೀಳುವುದು. ಇದಕ್ಕೆ ಬೇಕಾದುದು ಕೆಲವು ನಿಮಿಷಗಳ ಹೆಚ್ಚಿನ ಕಾಲ, ಅಭ್ಯಾಸವಾದ ಕಣ್ಣು. ಶಂಕೆ ಬಂದ ಕೂಡಲೇ ಶಿಶುಹೃದಯತಜ್ಞರಲ್ಲಿ ಫೀಟಲ್ ಎಕೋ ಎಂಬ ವಿಶೇಷ ಪರೀಕ್ಷೆಗೆ ಕಳುಹಿಸುತ್ತಾರೆ. ತಾಯಿಗೆ ಬಸಿರಾಗುವ ಮೊದಲೇ ಸಕ್ಕರೆ ಕಾಯಿಲೆಯಿದ್ದರೆ, ಹಿಂದಿನ ಮಗುವಿಗಾಗಲಿ ತಂದೆತಾಯಿಗಳಿಗಾಗಲಿ ಹುಟ್ಟು ಹೃದಯದೋಷವಿದ್ದರೆ, ಅಪಸ್ಮಾರಕ್ಕೆ ಕೆಲವು ಔಷಧಗಳನ್ನು ಸೇವಿಸುತ್ತಿದ್ದರೆ, ಶಂಕೆ ಬರುವವರೆಗೆ ಕಾಯದೆಯೇ ಈ ಪರೀಕ್ಷೆಯನ್ನು ಮಾಡಿಸತಕ್ಕದ್ದು. ಸೋದರಮಾವನನ್ನೋ ಅತ್ತೆಯ ಮಗನನ್ನೋ ವರಿಸಿದ ಹೆಣ್ಣುಮಕ್ಕಳು ಉತ್ತರ ಕರ್ನಾಟಕದಲ್ಲಿಯೂ ಅದಕ್ಕೆ ಹೊಂದಿದ ಮಹಾರಾಷ್ಟ್ರದ ಜಿಲ್ಲೆಗಳಲ್ಲಿಯೂ ಬಹಳವಾಗಿ ಇರುವುದರಿಂದ, ಅವರೂ ವೈದ್ಯರಲ್ಲಿ ಈ ಮಾತನ್ನೆತ್ತುವುದು ಉಚಿತ.

ಆ ಮರಾಠಿ ಫಲಕದ ಹಿಂದೆಯೂ ಒಂದು ಚರಿತ್ರೆಯಿದೆ. ಗರ್ಭದೊಳಗನ್ನು ನೋಡುವ ಯಂತ್ರವು ನಮ್ಮ ದೇಶಕ್ಕೆ ಬಂದ ಕೆಲವೇ ವರ್ಷಗಳಲ್ಲಿ ಹೆಣ್ಣುಶಿಶುವನ್ನು ಪತ್ತೆಹಚ್ಚಿ ಇಲ್ಲವಾಗಿಸುವ ಸಾಧನವಾಗಿ ಪರಿಣಮಿಸಿತು. ಅದನ್ನು ತಡೆಯುವ ಶಾಸನವನ್ನು ರಾಜ್ಯಗಳಲ್ಲಿ ಮೊತ್ತಮೊದಲು ಮಾಡಿದ್ದು ಮಹಾರಾಷ್ಟ್ರ, ೧೯೮೮ರಲ್ಲಿ. ೧೯೯೪ರಲ್ಲಿ ಕೇಂದ್ರ ಸರ್ಕಾರವು ದೇಶಕ್ಕೆಲ್ಲ ಅನ್ವಯಿಸುವ ಶಾಸನವನ್ನು ತಂದಿತು. ಅದೇ ಯಂತ್ರವನ್ನು ಅದೇ ಗರ್ಭದ ಮೇಲಿಟ್ಟು, ಗಂಡೋ ಹೆಣ್ಣೋ ಎಂಬುದನ್ನು ಹೇಳದೆ, ಹೃದಯವೊಂದನ್ನು ಉಳಿಸುವ ಸಲುವಾಗಿ ಗಂಟೆಗಟ್ಟಲೆ ನೋಡುವ ವೈದ್ಯರನ್ನು ನೆನೆದರೆ ನನಗೆ ಗೌರವವೇ ಮೂಡುತ್ತದೆ.

ಹುಟ್ಟುವ ಮೊದಲೇ ದೋಷವನ್ನು ತಿಳಿಯುವುದರಿಂದ ನಿಜವಾಗಿ ಪ್ರಯೋಜನವುಂಟೇ ಎಂಬ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರ ಬಂದದ್ದು ಪ್ಯಾರಿಸಿನಿಂದ. ಅಲ್ಲಿಯ ನೆಕ್ಕರ್ ಮಕ್ಕಳ ಆಸ್ಪತ್ರೆಯ ವೈದ್ಯರು ಧಮನಿಗಳು ಪಲ್ಲಟವಾದ ಶಿಶುಗಳ ಹತ್ತು ವರ್ಷಗಳ ವೃತ್ತಾಂತವನ್ನು ೧೯೯೯ರಲ್ಲಿ ಪ್ರಕಟಿಸಿದರು. ಜನನಾನಂತರ ದೋಷವು ತಿಳಿದುಬಂದ ೨೫೦ ಶಿಶುಗಳಲ್ಲಿ ೧೫ ಶಿಶುಗಳು ಶಸ್ತ್ರಚಿಕಿತ್ಸೆಯ ಮೇಜನ್ನು ತಲಪುವ ಮೊದಲೇ ಅಸುನೀಗಿದ್ದವು. ಉಳಿದ ೨೩೫ರಲ್ಲಿ ೨೦ ಶಿಶುಗಳು ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡವು. ಗರ್ಭದಲ್ಲಿರುವಾಗಲೇ ದೋಷವು ಪತ್ತೆಯಾಗಿದ್ದ ೬೮ ಶಿಶುಗಳಲ್ಲಿ ಮೊದಲಾಗಲಿ ಅನಂತರವಾಗಲಿ ಒಂದೂ ಸಾಯಲಿಲ್ಲ. ಚಿಕಿತ್ಸೆ ಮಾಡಿದ ಆಸ್ಪತ್ರೆ ಒಂದೇ. ಎರಡು ಗುಂಪುಗಳಿಗೂ ಇದ್ದ ಮುಖ್ಯ ವ್ಯತ್ಯಾಸವೆಂದರೆ ಮುಂಚಿತವಾದ ತಿಳಿವು, ಆ ತಿಳಿವಿನ ಫಲವಾಗಿ ಶಸ್ತ್ರವೈದ್ಯರಿರುವ ಸ್ಥಳದಲ್ಲಿಯೇ ಆದ ಹೆರಿಗೆ. ಹೊರಗೆ ಹುಟ್ಟಿದ ಶಿಶುವನ್ನು ದೂರದಿಂದ ಕರೆತರುವಾಗ ದಾರಿಯಲ್ಲಿಯೇ ಅದರ ಮೈ ತಣ್ಣಗಾಗುತ್ತದೆ, ರಕ್ತದಲ್ಲಿ ಆಮ್ಲತೆ ಏರುತ್ತದೆ, ಮೂತ್ರಪಿಂಡಗಳೂ ಮಿದುಳೂ ಬಳಲುತ್ತವೆ. ತಾಯಿಯ ಗರ್ಭದೊಳಗಿದ್ದುಕೊಂಡೇ ನಗರಕ್ಕೆ ಬಂದ ಶಿಶುವಿಗೆ ಈ ಯಾವ ಕಷ್ಟವೂ ಇಲ್ಲ.

ಇಷ್ಟನ್ನು ಒಪ್ಪಿಕೊಂಡ ಮೇಲೆ ನಮ್ಮ ಜನಜೀವನದ ಒಂದು ಬಹು ಪ್ರಿಯವಾದ ಆಚಾರವು ನಮಗೆ ಎದುರಾಗುತ್ತದೆ. ಪುಣೆಯಲ್ಲಿ ನೆಲೆಸಿರುವ ಕನ್ನಡಿಗರ ಸಂಸಾರಗಳು ಬಹಳ. ಕಟ್ಟಡದ ಕೆಲಸಕ್ಕೆಂದು ವಿಜಯಪುರ ಕಲಬುರಗಿಗಳಿಂದ ಬಂದವರಿದ್ದಾರೆ, ಕರಾವಳಿಯಿಂದ ಬಂದು ಹೋಟೆಲು ನಡೆಸುವವರಿದ್ದಾರೆ, ಕಂಪ್ಯೂಟರ್ ಕಂಪನಿಗಳ ಉದ್ಯೋಗಿಗಳಿದ್ದಾರೆ. ಮನೆಯ ಹೆಣ್ಣುಮಗಳು ಚೊಚ್ಚಲ ಬಸುರಿಯಾದರೆ ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಹೆರಿಗೆಗೆ ತವರಿಗೆ ಕರೆದೊಯ್ಯುತ್ತಾರೆ. ತವರು ಜಮಖಂಡಿಯೋ ಇಂಡಿಯೋ ಅಕ್ಕಲಕೋಟೆಯೋ ಜತ್ತವೋ ಆಗಿರುತ್ತದೆ. ತಾಯಿಯ ಕೈಯ ಎಣ್ಣೆನೀರು, ಅಳವಿಯ ಪಾಯಸ, ಅಂಟಿನ ಉಂಡೆ, ಬೆಚ್ಚನೆಯ ಕೋಣೆ ಇವೆಲ್ಲ ಹೆಣ್ಣಿಗೆ ಎಷ್ಟು ದೊಡ್ಡ ಆಸರೆಯೆಂಬುದನ್ನು ಬಲ್ಲ ಯಾವನೂ ಆ ಪದ್ಧತಿಯನ್ನು ಹಗುರಾಗಿ ಕಾಣಲಾರನು. ಆದರೆ ಸೋಲಾಪುರದಿಂದ ಪುಣೆಗೆ ಸುಮಾರು ೨೫೦ ಕಿಲೋಮೀಟರು. ವಿಜಯಪುರವು ಸೋಲಾಪುರಕ್ಕೂ ನೂರು ಕಿಲೋಮೀಟರು ಆಚೆ. ಧಮನಿಗಳು ಪಲ್ಲಟವಾದ ಶಿಶು ಅಲ್ಲಿ ಹುಟ್ಟಿ, ಎರಡನೆಯ ದಿನ ನೀಲಿಗಟ್ಟಿ, ಆಂಬುಲೆನ್ಸು ದೊರಕಿಸಿ ಹೊರಡುವ ಹೊತ್ತಿಗೆ ಪ್ಯಾರಿಸಿನ ಆ ಹದಿನೈದು ಶಿಶುಗಳ ಅವಸ್ಥೆಯೇ ಅದಕ್ಕೂ ಒದಗೀತು.

ಆದಕಾರಣ, ಗರ್ಭದಲ್ಲಿಯೇ ಹೃದಯದೋಷವು ತಿಳಿದ ಮನೆಯಲ್ಲಿ ಮಗಳು ತವರಿಗೆ ಹೋಗುವ ಬದಲು ತವರೇ ಮಗಳಿದ್ದಲ್ಲಿಗೆ ಬರಬೇಕೆಂದು ನಾನು ಸರ್ವಪ್ರಯತ್ನದಿಂದ ಹೇಳಬಯಸುತ್ತೇನೆ. ಕುಬಸವು ಊರಿನಲ್ಲಿಯೇ ಆಗಲಿ, ಅದಕ್ಕೆ ಅಡ್ಡಿಯಿಲ್ಲ. ಅದಾದ ಬಳಿಕ ತಾಯಿಯೋ ಚಿಕ್ಕಮ್ಮನೋ ಮಗಳೊಡನೆ ಪುಣೆಗೋ ಬೆಂಗಳೂರಿಗೋ ಬಂದು, ಶಿಶುಹೃದಯ ಶಸ್ತ್ರಚಿಕಿತ್ಸೆಯುಳ್ಳ ಆಸ್ಪತ್ರೆಗೆ ಹತ್ತಿರವಾದ ಮನೆಯಲ್ಲಿ ಬಸಿರಿನ ೩೬ನೆಯ ವಾರದಿಂದಲೇ ಇದ್ದುಕೊಳ್ಳುವುದು ಕ್ಷೇಮ. ಹೆರಿಗೆಯು ಸಹಜವಾಗಿಯೇ ಆಗಬಹುದು. ಹೃದಯದೋಷವಿದ್ದ ಮಾತ್ರಕ್ಕೆ ಸಿಸೇರಿಯನ್ ಮಾಡಬೇಕಾದ ಅಗತ್ಯವು ಸಾಮಾನ್ಯವಾಗಿ ಇಲ್ಲ. ದಿನ ತುಂಬುವವರೆಗೆ ಶಿಶುವನ್ನು ಗರ್ಭದಲ್ಲಿ ಉಳಿಸಿಕೊಳ್ಳುವುದು ಬಹು ಮುಖ್ಯ, ಏಕೆಂದರೆ ಶಸ್ತ್ರಕ್ಕೆ ಒಳಗಾಗುವ ಶಿಶುವಿಗೆ ಒಂದೊಂದು ನೂರು ಗ್ರಾಂ ತೂಕವೂ ಬಲವೇ.

ಈ ತೂಕದ ವಿಷಯದಲ್ಲಿ ಪುಣೆಯು ಜಗತ್ತಿಗೆ ತಿಳಿಸಿಕೊಟ್ಟ ಸಂಗತಿಯೊಂದಿದೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು ೧೯೯೩ರಲ್ಲಿ ನಗರದ ಸುತ್ತಣ ಆರು ಹಳ್ಳಿಗಳಲ್ಲಿ ಆರಂಭಿಸಿದ ಅಧ್ಯಯನದಲ್ಲಿ, ಅಲ್ಲಿ ಹುಟ್ಟುವ ಶಿಶುಗಳ ಸರಾಸರಿ ತೂಕ ೨.೭ ಕಿಲೋಗ್ರಾಮಿನಷ್ಟು ಇರುವುದೂ, ಹೋಲಿಕೆಗೆ ತೆಗೆದುಕೊಂಡ ಇಂಗ್ಲೆಂಡಿನ ಸೌತಾಂಪ್ಟನ್ ನಗರದಲ್ಲಿ ಅದು ೩.೫ ಕಿಲೋಗ್ರಾಂ ಇರುವುದೂ ಕಂಡುಬಂದಿತು. ನಮ್ಮ ಶಿಶು ತೆಳ್ಳಗಿದ್ದರೂ ಅದರ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚೆಂದೂ, ಅಂಥ ಶಿಶುವೇ ಮುಂದೆ ಸಕ್ಕರೆ ಕಾಯಿಲೆಗೆ ಸುಲಭವಾಗಿ ತುತ್ತಾಗುವುದೆಂದೂ ಅವರು ವಾದಿಸಿದರು. ಹಾಗೆ ಬೆಳೆದ ಹೆಣ್ಣುಮಗು ತಾನು ತಾಯಿಯಾಗುವ ವೇಳೆಗೆ ಸಕ್ಕರೆ ಕಾಯಿಲೆಯುಳ್ಳವಳಾಗಿದ್ದರೆ ಅವಳ ಗರ್ಭದ ಹೃದಯಕ್ಕೂ ಅಪಾಯ. ಗರ್ಭಧಾರಣೆಯ ಮೊದಲ ಎಂಟು ವಾರಗಳಲ್ಲಿ, ಎಷ್ಟೋ ಬಾರಿ ತಾನು ಬಸುರಿಯೆಂಬುದು ಆಕೆಗೆ ತಿಳಿಯುವ ಮುನ್ನವೇ, ಹೃದಯವು ತನ್ನ ಆಕಾರವನ್ನು ಪಡೆದು ಮುಗಿಸಿರುತ್ತದೆ. ಸಕ್ಕರೆಯನ್ನು ಹತೋಟಿಗೆ ತರಬೇಕಾದ ಕಾಲ ಮದುವೆಯಾದ ಹೊಸತರಲ್ಲಿಯೇ.

ಪುಣೆಗೂ ಶಿಶುವಿನ ಹೃದಯಕ್ಕೂ ಇರುವ ಮತ್ತೊಂದು ನಂಟು ರುಬೆಲ್ಲಾ ಲಸಿಕೆಯದು. ಬಸಿರಿನ ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲಾ ಎಂಬ ಸೌಮ್ಯವಾದ ಜ್ವರ ತಗುಲಿದರೆ ಶಿಶುವಿಗೆ ಕಣ್ಣಿನ ಪೊರೆಯೂ ಹೃದಯದೋಷವೂ ಬರುವುದನ್ನು ೧೯೪೧ರಲ್ಲಿ ಆಸ್ಟ್ರೇಲಿಯದ ನಾರ್ಮನ್ ಗ್ರೆಗ್ ಎಂಬ ನೇತ್ರವೈದ್ಯನು ಕಂಡುಹಿಡಿದನು. ೨೦೧೭ರ ಫೆಬ್ರುವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಮಹಾಭಿಯಾನವು ಭಾರತದಲ್ಲಿ ಮೊದಲಾದಾಗ ಕರ್ನಾಟಕವು ಮೊದಲ ತಂಡದ ರಾಜ್ಯಗಳಲ್ಲಿ ಒಂದಾಗಿದ್ದಿತು. ಆ ಲಸಿಕೆಯನ್ನು ತಯಾರಿಸಿದ್ದು ೧೯೬೬ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸೀರಂ ಇನ್‌ಸ್ಟಿಟ್ಯೂಟು. ಶಸ್ತ್ರವೈದ್ಯನ ಕೈಗೆ ಬಾರದೆಯೇ ಉಳಿದುಕೊಂಡ ಹೃದಯಗಳಿಗೆ ಲೆಕ್ಕವಿಡುವವರಿಲ್ಲ.

ಇನ್ನು ಶಸ್ತ್ರಚಿಕಿತ್ಸೆಯ ವಿಚಾರ. ಹುಟ್ಟಿದ ಕೂಡಲೇ ಶಿಶುವಿನ ಹೊಕ್ಕುಳಿನ ರಕ್ತನಾಳದಲ್ಲಿ ಸಣ್ಣ ಕೊಳವೆಯನ್ನಿಟ್ಟು ಪ್ರೊಸ್ಟಾಗ್ಲಾಂಡಿನ್ ಎಂಬ ಔಷಧವನ್ನು ಹನಿಹನಿಯಾಗಿ ಹರಿಯಿಸುತ್ತಾರೆ. ಮುಚ್ಚಲು ಹೊರಟಿದ್ದ ಆ ಸಣ್ಣ ನಾಳವನ್ನು ಇದು ತೆರೆದಿಡುತ್ತದೆ. ೧೯೭೦ರ ದಶಕದ ನಡುವಿನಲ್ಲಿ ಇದು ಬಳಕೆಗೆ ಬಂದ ಮೇಲೆ, ನಡುರಾತ್ರಿಯ ಗಾಬರಿಯಲ್ಲಿ ಮಾಡುತ್ತಿದ್ದ ಶಸ್ತ್ರಚಿಕಿತ್ಸೆಯನ್ನು ಹಗಲಿನಲ್ಲಿ ಸಾವಧಾನದಿಂದ ಮಾಡುವುದು ಸಾಧ್ಯವಾಯಿತು. ಈ ಔಷಧದಿಂದ ಶಿಶು ಕೆಲವು ಸಲ ಉಸಿರಾಡುವುದನ್ನೇ ಮರೆಯುವುದುಂಟಾದ್ದರಿಂದ ಪಕ್ಕದಲ್ಲಿ ಸದಾ ಒಬ್ಬರು ಕಾದಿರಬೇಕು. ನಡುಗೋಡೆಯ ಕಿಂಡಿಯು ಸಾಲದಾದರೆ ರಕ್ತನಾಳದ ಮೂಲಕ ಒಂದು ಪುಟ್ಟ ಬಲೂನನ್ನು ಹೃದಯದೊಳಕ್ಕೆ ಕಳುಹಿಸಿ, ಊದಿ, ಜಗ್ಗಿ ಕಿಂಡಿಯನ್ನು ದೊಡ್ಡದು ಮಾಡುತ್ತಾರೆ; ಫಿಲಡೆಲ್ಫಿಯದ ವಿಲಿಯಂ ರ‍್ಯಾಶ್‌ಕಿಂಡನು ೧೯೬೬ರಲ್ಲಿ ತೋರಿಸಿಕೊಟ್ಟ ಉಪಾಯವಿದು. ಇವೆರಡರಿಂದ ದೊರೆಯುವುದು ಕೆಲವು ದಿನಗಳ ಬಿಡುವು ಮಾತ್ರ. ಎಡ ಹೃತ್ಕುಕ್ಷಿಯು ಶ್ವಾಸಕೋಶಕ್ಕೆ ಮಾತ್ರ ರಕ್ತವನ್ನೊತ್ತುತ್ತ ಕುಳಿತರೆ ಎರಡು ಮೂರು ವಾರಗಳಲ್ಲಿ ಅದರ ಸ್ನಾಯು ಸೊರಗಿ, ಶರೀರಕ್ಕೆಲ್ಲ ರಕ್ತವನ್ನು ತಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ಪಲ್ಲಟವಾದ ಧಮನಿಗಳನ್ನು ಅವುಗಳ ನಿಜಸ್ಥಾನಕ್ಕೆ ಮರಳಿ ತರುವ ಶಸ್ತ್ರವಿಧಾನವನ್ನು ಸಾಧಿಸಿದವನು ಬ್ರೆಜಿಲಿನ ಸಾವೊ ಪಾಲೊ ನಗರದ ಅದೀಬ್ ಜಾಟೆನೆ, ೧೯೭೫ರಲ್ಲಿ. ಮುಂದಿನ ದಶಕದಲ್ಲಿ ಬಾಸ್ಟನ್ನಿನ ಆಲ್ಡೊ ಕಾಸ್ಟನ್ಯೇಡ ಅದನ್ನು ಹುಟ್ಟಿದ ಮೊದಲ ದಿನಗಳಲ್ಲಿಯೇ ಮಾಡಬಹುದೆಂದು ತೋರಿಸಿದನು. ನಮ್ಮ ದೇಶದಲ್ಲಿ ನವಜಾತ ಶಿಶುವಿನ ಹೃದಯದ ಮೊದಲ ಶಸ್ತ್ರಚಿಕಿತ್ಸೆಯೆಂದು ಹೇಳಲಾಗುವುದು ೧೯೯೨ರಲ್ಲಿ ಕಲಕತ್ತೆಯಲ್ಲಿ ೨೧ ದಿನದ ಶಿಶುವಿಗೆ ನಡೆಯಿತು. ಮಾಡಿದವರು ದಕ್ಷಿಣ ಕನ್ನಡದ ಕಿನ್ನಿಗೋಳಿಯ ಡಾ. ದೇವಿಪ್ರಸಾದ ಶೆಟ್ಟಿ.

ಧಮನಿಗಳು ಪಲ್ಲಟವಾಗಿ ಮೇಜಿನ ಮೇಲೆ ಮಲಗಿರುವ ೨.೭ ಕಿಲೋಗ್ರಾಂ ತೂಕದ ಶಿಶುವೊಂದರ ಮೈಯಲ್ಲಿರುವ ಒಟ್ಟು ರಕ್ತ ಸುಮಾರು ೨೨೦ ಮಿಲಿಲೀಟರು, ನಾವು ಕಾಫಿ ಕುಡಿಯುವ ದೊಡ್ಡ ಲೋಟದ ಅಳತೆ. ಎದೆಯ ಎಲುಬನ್ನು ಸೀಳಿ, ಹೃದಯ ಶ್ವಾಸಕೋಶಗಳ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, ಮೈಯನ್ನು ತಣಿಸಿ, ಪೊಟ್ಯಾಸಿಯಂ ಬೆರೆತ ದ್ರಾವಣದಿಂದ ಹೃದಯವನ್ನು ನಿಲ್ಲಿಸುತ್ತಾರೆ. ಎರಡು ಧಮನಿಗಳನ್ನೂ ಬುಡಕ್ಕಿಂತ ಸ್ವಲ್ಪ ಮೇಲೆ ಅಡ್ಡಲಾಗಿ ಕತ್ತರಿಸಿ ಅದಲುಬದಲು ಮಾಡುವುದು ಹೊರಗಿನವರಿಗೆ ದೊಡ್ಡ ಸಾಹಸವೆಂದು ತೋರಿದರೂ ಶಸ್ತ್ರವೈದ್ಯನ ಪರೀಕ್ಷೆ ಅಲ್ಲಿಲ್ಲ. ಹೃದಯದ ಸ್ನಾಯುವಿಗೇ ರಕ್ತವನ್ನುಣಿಸುವ ಕೊರೊನರಿ ಧಮನಿಗಳೆರಡು ಮಹಾಧಮನಿಯ ಬುಡದಲ್ಲಿ ಹುಟ್ಟುತ್ತವಷ್ಟೆ. ಮಹಾಧಮನಿಯು ಎಡಕ್ಕೆ ಹೋದಾಗ ಅವೂ ಅದರೊಡನೆ ಹೋಗಬೇಕು. ಒಂದು ಒಂದೂವರೆ ಮಿಲಿಮೀಟರು ಅಗಲದ ಆ ಧಮನಿಗಳನ್ನು, ಅವುಗಳ ಬಾಯಿಯ ಸುತ್ತಣ ಗೋಡೆಯ ಸಣ್ಣ ಬಿಲ್ಲೆಯ ಸಮೇತ ಕತ್ತರಿಸಿ ತೆಗೆದು, ಎಳೆಯದಂತೆ, ತಿರುಚದಂತೆ, ಹೊಸ ಬುಡಕ್ಕೆ ಕೂರಿಸಿ, ಕಣ್ಣಿಗೆ ಭೂತಗನ್ನಡಿ ಧರಿಸಿ, ಕೂದಲಿಗಿಂತ ಸಪುರವಾದ ದಾರದಿಂದ ಹೊಲಿಯುತ್ತಾರೆ. ಬಿಲ್ಲೆ ತೆಗೆದ ಜಾಗದ ಕಂಡಿಗಳನ್ನು ಶಿಶುವಿನ ಹೃದಯದ ಹೊರಪೊರೆಯ ತುಂಡಿನಿಂದಲೇ ಮುಚ್ಚುತ್ತಾರೆ. ಬಳಿಕ ಮೈಯನ್ನು ಬೆಚ್ಚಗೆ ಮಾಡಿ, ಮಹಾಧಮನಿಗೆ ಹಾಕಿದ್ದ ಚಿಮುಟವನ್ನು ಬಿಡಿಸಿದಾಗ ಎಲ್ಲರ ಕಣ್ಣೂ ಹೃದಯದ ಮೇಲ್ಮೈಯ ಆ ಎರಡು ಕೊರೊನರಿ ಧಮನಿಗಳ ಮೇಲಿರುತ್ತದೆ: ಅವು ತುಂಬಿಕೊಂಡು ಸ್ನಾಯು ಎಲ್ಲೆಡೆಯೂ ಸಮನಾಗಿ ನಸುಗೆಂಪಾದರೆ ಕಾರ್ಯವು ಸಫಲ, ಒಂದು ಕಡೆ ಕಪ್ಪಿಟ್ಟು ಜಡವಾಗಿ ನಿಂತರೆ ಹೊಲಿಗೆಯನ್ನು ಬಿಚ್ಚಿ ಮತ್ತೆ ಹೊಲಿಯಬೇಕು.

ಹೃದಯವು ಊದಿಕೊಂಡಿದ್ದರೆ ಒಂದೆರಡು ದಿನ ಎದೆಯ ಎಲುಬನ್ನು ಮುಚ್ಚದೆ ಪೊರೆ ಹೊದಿಸಿಟ್ಟಿರುವುದೂ ಉಂಟು. ಅದನ್ನು ಕಂಡ ಅಜ್ಜಿ ಅಜ್ಜಂದಿರು ಕುಸಿದುಹೋಗದಂತೆ ಮೊದಲೇ ತಿಳಿಸಿಟ್ಟಿರಬೇಕು. ಬಾಣಂತಿಯು ಆ ದಿನಗಳಲ್ಲಿ ತನ್ನ ಹಾಲನ್ನು ಹಿಂಡಿ ಕಳುಹಿಸಿದರೆ ಮೂಗಿನ ಕೊಳವೆಯಿಂದ ಶಿಶುವಿಗೆ ಕೊಡುತ್ತಾರೆ. ತವರಿನವರು ನಗರದಲ್ಲಿದ್ದರೆ ಅವರು ಮಾಡಿಕೊಡಬೇಕಾದ ಬಾಣಂತನವೆಂದರೆ ಇದೇ: ಹಸಿಮೈಯ ಹೆಣ್ಣನ್ನು ಐಸಿಯುವಿನ ಹೊರಗೆ ಗಂಟೆಗಟ್ಟಲೆ ನಿಲ್ಲಗೊಡದೆ ಕೂರಿಸಿ, ಬಿಸಿಯೂಟವಿಕ್ಕಿ, ಮೂರು ಗಂಟೆಗೊಮ್ಮೆ ಹಾಲು ಹಿಂಡಿಸುವುದು. ಆಕೆಯ ಮನಸ್ಸಿನ ಮೇಲೆ ಇನ್ನೊಂದು ಭಾರವನ್ನು ಯಾರೂ ಹೊರಿಸದಿರುವುದೂ ಅದರಲ್ಲಿ ಸೇರಿದೆ. ಗ್ರಹಣದಲ್ಲಿ ಹೊರಗೆ ಬಂದಳು, ಹೊತ್ತಲ್ಲದ ಹೊತ್ತಿನಲ್ಲಿ ಹೊಸಿಲು ದಾಟಿದಳು, ಪಪ್ಪಾಯಿ ತಿಂದಳು ಎಂದು ನೆರೆಹೊರೆಯವರು ಆಡುವ ಮಾತುಗಳಲ್ಲಿ ಒಂದಕ್ಕೂ ಹೃದಯದ ಧಮನಿಗಳ ಪಲ್ಲಟಕ್ಕೂ ಸಂಬಂಧವಿಲ್ಲ. ಬಹುತೇಕ ದೋಷಗಳಿಗೆ ಯಾರ ನಡತೆಯೂ ಕಾರಣವಾಗಿರುವುದಿಲ್ಲ.

ಎಲ್ಲ ದೋಷಗಳೂ ಹೀಗೆ ಒಂದೇ ಶಸ್ತ್ರಚಿಕಿತ್ಸೆಯಿಂದ ಸರಿಹೋಗುವಂಥವಲ್ಲವೆಂಬುದನ್ನು ಮರೆಮಾಚಬಾರದು. ಎಡಭಾಗವೇ ಬೆಳೆಯದ ಹೃದಯಕ್ಕೆ ಮೂರು ಹಂತದ ಶಸ್ತ್ರಚಿಕಿತ್ಸೆ, ಅದರ ಬಳಿಕವೂ ಅರ್ಧ ಹೃದಯದ ಬಾಳು. ಅಂಥ ಸಂದರ್ಭದಲ್ಲಿ ಬಸಿರನ್ನು ಮುಂದುವರಿಸುವುದೋ ಬೇಡವೋ ಎಂಬ ದಾರುಣವಾದ ನಿರ್ಧಾರವು ತಾಯಿಯದು. ೨೦೨೧ರಲ್ಲಿ ತಿದ್ದುಪಡಿಯಾದ ಶಾಸನದ ಪ್ರಕಾರ ಭ್ರೂಣದಲ್ಲಿ ಗಣನೀಯ ವೈಕಲ್ಯವಿದೆಯೆಂದು ವೈದ್ಯಕೀಯ ಮಂಡಲಿಯು ನಿರ್ಣಯಿಸಿದಲ್ಲಿ ೨೪ ವಾರಗಳ ಮಿತಿ ಅನ್ವಯಿಸುವುದಿಲ್ಲ. ಅತ್ತೆಮಾವಂದಿರ ಒತ್ತಾಯವೂ ಹಣದ ಚಿಂತೆಯೂ ಆ ನಿರ್ಧಾರವನ್ನು ಮಾಡಬಾರದು. ಶಿಶುಹೃದಯತಜ್ಞರು ಚಿತ್ರ ಬರೆದು ತೋರಿಸಿ, ಮರಾಠಿ ಬಾರದವರಿಗೆ ಕನ್ನಡದಲ್ಲಿಯೇ ತಿಳಿಸಿ ಹೇಳುವವರನ್ನು ಕೂರಿಸಿಕೊಂಡು, ಆಕೆಯ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಅದು ಆಗಬೇಕು.

ಹಣದ ಚಿಂತೆ ಸಹಜ, ದಾರಿಗಳೂ ಇವೆ. ಮಹಾರಾಷ್ಟ್ರದಲ್ಲಿ ಧರ್ಮಾದಾಯ ಸಂಸ್ಥೆಗಳಾಗಿ ನೋಂದಾಯಿತವಾದ ಆಸ್ಪತ್ರೆಗಳು ಬಾಂಬೆ ಹೈಕೋರ್ಟು ೨೦೦೬ರಲ್ಲಿ ಮಂಜೂರು ಮಾಡಿದ ಯೋಜನೆಯಂತೆ ನೂರಕ್ಕೆ ಹತ್ತು ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿಯೂ ಇನ್ನು ಹತ್ತನ್ನು ಬಡವರಿಗೆ ರಿಯಾಯಿತಿಯಲ್ಲಿಯೂ ಕೊಡಬೇಕು. ಪುಣೆಯ ದೊಡ್ಡ ಆಸ್ಪತ್ರೆಗಳಲ್ಲಿ ಹಲವು ಈ ವರ್ಗಕ್ಕೆ ಸೇರಿದವು. ರಾಜ್ಯ ಸರ್ಕಾರದ ಮಹಾತ್ಮಾ ಜೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯುಂಟು. ಸೈನಿಕರ ಕುಟುಂಬಗಳಿಗೆ ಪುಣೆಯಲ್ಲಿಯೇ ಸೇನೆಯ ಹೃದ್ರೋಗ ಸಂಸ್ಥೆಯಿದೆ. ಪುಣೆಯಿಂದ ಮುಂಬಯಿಗೆ ಹೋಗುವ ಹಾದಿಯಲ್ಲಿ ಖಾರಘರಿನ ಶ್ರೀ ಸತ್ಯಸಾಯಿ ಸಂಜೀವನಿ ಆಸ್ಪತ್ರೆಯೂ, ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ೨೦೦೧ರಿಂದ ನಡೆದುಬಂದಿರುವ ಸತ್ಯಸಾಯಿ ಆಸ್ಪತ್ರೆಯೂ ಹಣವನ್ನೇ ಪಡೆಯದೆ ಚಿಕಿತ್ಸೆ ಮಾಡುತ್ತವೆ. ೨೦೧೩ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ಪಾಲಘರಿನಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿಯಲ್ಲಿ ಹುಟ್ಟು ಹೃದಯದೋಷಗಳಿಗೂ ನೆರವುಂಟು. ರಾಜ್ಯದ ಯೋಜನೆಗಳು ಆಯಾ ರಾಜ್ಯದ ನಿವಾಸಿಗಳಿಗೆ ಕಟ್ಟುಬಿದ್ದಿರುವುದರಿಂದ, ಕರ್ನಾಟಕದ ಪಡಿತರ ಚೀಟಿಯಿಟ್ಟುಕೊಂಡು ಪುಣೆಯಲ್ಲಿ ದುಡಿಯುವ ಕುಟುಂಬವು ಯಾವ ಊರಿನಲ್ಲಿ ಹೆರಿಗೆ ಮಾಡಿಸಿದರೆ ಯಾವ ನೆರವು ದೊರೆಯುವುದೆಂಬುದನ್ನು ವಿಚಾರಿಸಿ ಮುಗಿಸಬೇಕಾದದ್ದೂ ಸೋನೋಗ್ರಫಿಗೂ ಹೆರಿಗೆಗೂ ನಡುವಣ ನಾಲ್ಕು ತಿಂಗಳಲ್ಲಿಯೇ. ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ಕೇಳಿದರೆ ಬೇಕಾದ ಕಾಗದಪತ್ರಗಳನ್ನು ಹೇಳುತ್ತಾರೆ.

ಗರ್ಭದಲ್ಲಿ ಪತ್ತೆಯಾಗದೆಯೇ ಹುಟ್ಟುವ ಶಿಶುಗಳು ನಮ್ಮಲ್ಲಿ ಇನ್ನೂ ಬಹಳ. ತಾಲೂಕಿನ ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಯವರು ಅವುಗಳಿಗಾಗಿ ಒಂದು ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬಹುದು. ಕೊರೋನಾದ ವರ್ಷಗಳಲ್ಲಿ ಮನೆಮನೆಗೂ ಪರಿಚಿತವಾದ ಆಕ್ಸಿಮೀಟರಿನ, ಶಿಶುಗಳಿಗೆಂದೇ ಮಾಡಿದ ಪಟ್ಟಿಯನ್ನು ಹುಟ್ಟಿ ೨೪ ಗಂಟೆಗಳು ಕಳೆದ ಮೇಲೆ ಬಲಗೈಗೂ ಒಂದು ಪಾದಕ್ಕೂ ಸುತ್ತಿ ಆಮ್ಲಜನಕದ ಪ್ರಮಾಣವನ್ನು ಓದುತ್ತಾರೆ. ದೊಡ್ಡವರ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಇದಕ್ಕೆ ನಡೆಯದು. ಅಂಕೆಯು ೯೫ ಅಥವಾ ಅದಕ್ಕೂ ಹೆಚ್ಚಾಗಿದ್ದು, ಕೈಕಾಲುಗಳ ನಡುವಣ ವ್ಯತ್ಯಾಸ ೩ಕ್ಕೆ ಮೀರದಿದ್ದರೆ ಸರಿ. ೯೦ಕ್ಕಿಂತ ಕಡಿಮೆಯಾದರೆ ತಡಮಾಡದೆ ಎಕೋ ಮಾಡಿಸಬೇಕು. ಇವೆರಡರ ನಡುವೆ ಬಂದರೆ ಒಂದು ಗಂಟೆ ಬಿಟ್ಟು ಮತ್ತೆ ನೋಡಬೇಕು. ಮಹಾಧಮನಿಯು ಕಿರಿದಾದಂಥ ಕೆಲವು ದೋಷಗಳು ಇದಕ್ಕೂ ಸಿಗದೆ ನುಸುಳಿಹೋಗಬಹುದಾದ್ದರಿಂದ, ಅಂಕೆಗಳು ಚೆನ್ನಾಗಿದ್ದ ಶಿಶುವೂ ಮೊದಲ ವಾರಗಳಲ್ಲಿ ಹಾಲು ಕುಡಿಯುವಾಗ ಬೆವರಿದರೆ, ಏದುಸಿರು ಬಿಟ್ಟರೆ, ನಾಲಗೆ ತುಟಿಗಳು ನೀಲಿಯಾದರೆ, ಬೆಳಗಾಗಲೆಂದು ಕಾಯದೆ ಅದನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಡತಕ್ಕದ್ದು.